ವರ್ತಕರು ಸಾಕಿದ ಕಾವಲುಗಾರ

ಕೆಲವು ವರ್ಷಗಳ ಹಿಂದೆ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ನಾವು ದಂಪತಿಗಳು ಒಂದು ಚಳಿಗಾಲವನ್ನು ಕಳೆಯಬೇಕಾಗಿ ಬಂದಾಗ, ಆ ಮನೆಯ ಹಜಾರಕ್ಕೆ ಆಗತಾನೆ ಹಾಸಿದ್ದ ಮರದ ನೆಲವು, ಹಿಮ ಬೀಳತೊಡಗಿದ ತಿಂಗಳೊಪ್ಪತ್ತಿನೊಳಗಾಗಿಯೇ ಅಲ್ಲಲ್ಲಿ ಉಬ್ಬಿ, ಹಲಗೆಗಳು ಸಂದು ಬಿಟ್ಟು, ನಡೆದಾಡುವವರ ಕಾಲಿಗೆ ತೊಡರುವಂತಾಯಿತು. ಹಾಸಿದ ಕಂಟ್ರಾಕ್ಟರನಿಗೆ ಫೋನಿನಲ್ಲಿ ಹೇಳಿದ್ದಾಯಿತು, ಕಾಗದ ಬರೆದದ್ದಾಯಿತು. ಹಣವನ್ನು ಪೂರ್ತಿಯಾಗಿ ಎಣಿಸಿಕೊಂಡ ಮೇಲೆ ಆತನಿಗೆ ನಮ್ಮ ನೆಲದ ಉಬ್ಬರವಿಳಿತಗಳಲ್ಲಿ ಆಸಕ್ತಿ ಉಳಿದಿರಲಿಲ್ಲ. ಆಗ ನೆರೆಮನೆಯ ವೃದ್ಧೆಯೊಬ್ಬರು, ಇಂತಹ ಸಂದರ್ಭದಲ್ಲಿ ಬೆಟರ್ ಬಿಸಿನೆಸ್ ಬ್ಯೂರೋಕ್ಕೆ ದೂರು ಕೊಡುವುದು ತಮ್ಮ ತಂದೆಯ ಕಾಲದಿಂದಲೂ ನಡೆದುಬಂದ ಪದ್ಧತಿ ಎಂದರು. ಮಗಳು ದೂರು ಕೊಟ್ಟಳು. ಎರಡು ವಾರ ತುಂಬುವುದರೊಳಗಾಗಿ ಕಂಟ್ರಾಕ್ಟರನಿಂದ ಉತ್ತರ ಬಂದಿತು: ನೆಲವನ್ನು ಕರಾರಿನಂತೆಯೇ ಹಾಸಲಾಗಿದೆ, ಮನೆಯೊಳಗಿನ ತೇವಕ್ಕೆ ಮನೆಯವರೇ ಹೊಣೆ ಎಂಬುದು ಅದರ ಸಾರಾಂಶ. ಇವಳು ಒಪ್ಪಲಿಲ್ಲವೆಂದು ಬರೆದಳು. ಅದೇ ಮಾತು ಬೇರೆ ವಾಕ್ಯಗಳಲ್ಲಿ ಮತ್ತೊಮ್ಮೆ ಬಂದಿತು. ತಿಂಗಳು ಕಳೆದ ಮೇಲೆ ಬ್ಯೂರೋದವರು ದೂರಿನ ಕಡತವನ್ನು ಮುಚ್ಚಿ, ಅದರ ಮೇಲೆ ‘ಉತ್ತರಿಸಲಾಗಿದೆ’ ಎಂದು ಗುರುತು ಹಾಕಿದರು. “ಉತ್ತರ ಕೊಟ್ಟಿದ್ದಾರೆ ಅನ್ನೋದೇನೋ ನಿಜ ಅಪ್ಪ, ಆದರೆ ನೆಲ ಹಾಗೇ ಇದೆಯಲ್ಲ!” ಎಂದು ಮಗಳು ನಕ್ಕಳು. ಮೂವತ್ತು ವರ್ಷ ಸರಕಾರೀ ಕಚೇರಿಯಲ್ಲಿ ಕಡತಗಳ ನಡುವೆ ಬಾಳಿದ ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನಮ್ಮಲ್ಲಿ ಅದಕ್ಕೆ ಇನ್ನೂ ಪಕ್ವವಾದ ಮಾತೊಂದು ಉಂಟು: ವಿಲೇವಾರಿ. ಅರ್ಜಿ ವಿಲೇವಾರಿಯಾಯಿತೆಂದರೆ ಅರ್ಜಿದಾರನ ಕಷ್ಟ ತೀರಿತೆಂದು ಯಾವ ಗುಮಾಸ್ತನೂ ಅರ್ಥಮಾಡುವುದಿಲ್ಲ.

ವರ್ತಕರ ನಡತೆಯನ್ನು ಕಾಯುತ್ತೇವೆಂದು ಹೇಳಿಕೊಳ್ಳುವ ಇಂತಹ ಸಂಘಗಳು ಗ್ರಾಹಕನ ದೂರಿಗೆ ನಿಜವಾಗಿ ಒದಗುತ್ತವೆಯೆ, ಅಥವಾ ಅವನ ಕೋಪಕ್ಕೆ ಒಂದು ತೂಬನ್ನು ತೆಗೆದುಕೊಟ್ಟು ಸುಮ್ಮನಾಗುತ್ತವೆಯೆ ಎಂಬ ಪ್ರಶ್ನೆಯನ್ನು ಆ ಉಬ್ಬಿದ ನೆಲದ ಮೇಲೆ ಕುಳಿತು ಯೋಚಿಸಲು ನನಗೆ ಬೇಕಾದಷ್ಟು ವಿರಾಮವಿದ್ದಿತು. ಆಗ ತೊಡಗಿದ ವಿಚಾರವನ್ನು, ಊರಿಗೆ ಮರಳಿದ ಮೇಲೆ ಓದಿ ಕೇಳಿ ತಿಳಿದುದರೊಂದಿಗೆ ಸೇರಿಸಿ, ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಬ್ಯೂರೋ ಎಂಬುದು ಸರಕಾರದ ಇಲಾಖೆಯಲ್ಲ. ಹೆಸರಿನ ಗಾಂಭೀರ್ಯವನ್ನು ಕಂಡು ಹಾಗೆಂದು ಭ್ರಮಿಸುವವರು ಅಮೆರಿಕದಲ್ಲಿಯೇ ಬಹುಮಂದಿ ಇದ್ದಾರೆ. ಆ ಭ್ರಮೆಯನ್ನು ಹೋಗಲಾಡಿಸುವ ಆತುರವೂ ಬ್ಯೂರೋಕ್ಕೆ ಅಷ್ಟಾಗಿ ಇರುವಂತೆ ತೋರುವುದಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆ ದೇಶದ ಪತ್ರಿಕೆಗಳು ಸರ್ವರೋಗಹರವಾದ ಕಷಾಯಗಳ ಜಾಹೀರಾತುಗಳಿಂದ ಕಿಕ್ಕಿರಿದಿದ್ದುವು. ಬೋಳುತಲೆಯಲ್ಲಿ ಕೂದಲು ಬೆಳೆಸುವವರೂ, ಒಂದು ಶೀಷೆಯಿಂದ ಕ್ಷಯವನ್ನು ಗುಣಪಡಿಸುವವರೂ, ಇಲ್ಲದ ಗಣಿಗಳ ಷೇರು ಮಾರುವವರೂ ಸಾಧು ವರ್ತಕರ ಪಕ್ಕದ ಅಂಕಣದಲ್ಲಿಯೇ ಠಾಕುಠೀಕಾಗಿ ನಿಂತಿದ್ದರು. 1906ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಶುದ್ಧ ಆಹಾರ ಮತ್ತು ಔಷಧಗಳ ಕಾಯಿದೆಗೆ ಸಹಿ ಹಾಕಿದರು. ಆ ಕಾಯಿದೆಯ ಮೇರೆಗೆ ಕೋಕಾ-ಕೋಲಾದ ಪಾನಕದ ಮೇಲೆಯೇ ಸರಕಾರ ಮೊಕದ್ದಮೆ ಹೂಡಿ, ಅದು 1911ರಲ್ಲಿ ಚಟನೂಗ ನಗರದ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂದಿತು. ಸ್ವಾರಸ್ಯವೇನೆಂದರೆ, ಅದೇ ಕಂಪೆನಿಯ ಮಾರಾಟದ ಹೊಣೆ ಹೊತ್ತಿದ್ದ ಸ್ಯಾಮ್ಯುಯೆಲ್ ಡಾಬ್ಸ್ ಎಂಬವರು 1909ರಲ್ಲಿ ಜಾಹೀರಾತುದಾರರ ಸಂಘಗಳ ಒಕ್ಕೂಟಕ್ಕೆ ಅಧ್ಯಕ್ಷರಾಗಿ, ಜಾಹೀರಾತಿನಲ್ಲಿ ಸತ್ಯವಿರತಕ್ಕದ್ದೆಂಬ ಚಳವಳಿಗೆ ಮುಂದಾಳಾದರು. 1911ರಲ್ಲಿ ‘ಪ್ರಿಂಟರ್ಸ್ ಇಂಕ್’ ಎಂಬ ಜಾಹೀರಾತು ವ್ಯವಸಾಯದ ಪತ್ರಿಕೆಯು ಸುಳ್ಳು ಜಾಹೀರಾತನ್ನು ಅಪರಾಧವೆಂದು ಸಾರುವ ಮಾದರಿ ಕಾಯಿದೆಯೊಂದನ್ನು ಬರೆಸಿ ಪ್ರಕಟಿಸಿತು, 1912ರ ಹೊತ್ತಿಗೆ ಊರೂರುಗಳಲ್ಲಿ ‘ಜಾಗರೂಕತಾ ಸಮಿತಿ’ಗಳು ತಲೆಯೆತ್ತಿದುವು, ಇನ್ನು ಕೆಲವೇ ವರ್ಷಗಳಲ್ಲಿ ಅವು ಬೆಟರ್ ಬಿಸಿನೆಸ್ ಬ್ಯೂರೋ ಎಂಬ ಹೆಸರನ್ನು ತಳೆದುವು. ವ್ಯಾಪಾರದ ಅನ್ಯಾಯಗಳನ್ನು ತಡೆಯಲೆಂದು ಅಮೆರಿಕದ ಸರಕಾರವು ಫೆಡರಲ್ ಟ್ರೇಡ್ ಕಮಿಷನ್ ಸ್ಥಾಪಿಸಿದುದು 1914ರಲ್ಲಿ. ಎಂದರೆ ಸರಕಾರದ ಕಾವಲುಗಾರನಿಗಿಂತ ವರ್ತಕರ ಕಾವಲುಗಾರನೇ ವಯಸ್ಸಿನಲ್ಲಿ ಹಿರಿಯ.

ಈ ಜನ್ಮವೃತ್ತಾಂತವನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಬ್ಯೂರೋ ಹುಟ್ಟಿದುದು ಗ್ರಾಹಕನ ಕಣ್ಣೀರನ್ನು ಒರೆಸುವುದಕ್ಕಲ್ಲ. ಸುಳ್ಳುಗಾರ ವರ್ತಕನಿಂದ ನಿಜಗಾರ ವರ್ತಕನನ್ನು ಕಾಪಾಡುವುದಕ್ಕೆ. ಪಕ್ಕದ ಅಂಗಡಿಯವನ ಸುಳ್ಳಿನಿಂದ ಜನ ಅಂಗಡಿ ಬೀದಿಯನ್ನೇ ನಂಬದೆ ಹೋದಾರೆಂಬ ಭಯ ಅದರ ತಾಯಿ; ಸರಕಾರವು ಕಾನೂನಿನ ಕೋಲು ಹಿಡಿದು ಅಂಗಡಿಯೊಳಗೆ ಬಂದೀತೆಂಬ ಭಯ ಅದರ ತಂದೆ. ಗ್ರಾಹಕನಿಗೆ ಆಗುವ ಲಾಭ ಇವೆರಡರ ನಡುವೆ ತಾನಾಗಿ ಒದಗುವ ಲಾಭ. ಇದನ್ನು ನಾನು ನಿಂದೆಯಾಗಿ ಹೇಳುತ್ತಿಲ್ಲ. ವರ್ತಕರು ತಮ್ಮ ತಮ್ಮಲ್ಲಿಯೇ ಕಟ್ಟುಕಟ್ಟಳೆಗಳನ್ನು ಮಾಡಿಕೊಳ್ಳುವುದು ಕನ್ನಡಿಗರಿಗೆ ಅಪರಿಚಿತವಾದುದೂ ಅಲ್ಲ. ಇಂದಿನ ಐಹೊಳೆಯಾದ ಅಯ್ಯಾವೊಳೆಯ ಐನೂರ್ವರು ‘ಬಣಂಜು ಧರ್ಮ’ದ ಪಾಲಕರೆಂದು ಶಾಸನಗಳಲ್ಲಿ ತಮ್ಮನ್ನು ಕೊಂಡಾಡಿಕೊಂಡು ದಕ್ಷಿಣಾಪಥವನ್ನೆಲ್ಲ ಸುತ್ತಿದವರು. ಆದರೆ ಆ ಶಾಸನಗಳಲ್ಲಿ ಮೋಸಹೋದ ಕೊಳ್ಳುವವನ ಮಾತನ್ನು ಹುಡುಕಿ ನೋಡಿ: ದಾನದ ಮಾತುಂಟು, ಸುಂಕದ ಮಾತುಂಟು, ಶೌರ್ಯದ ಮಾತಂತೂ ಯಥೇಚ್ಛವಾಗಿ ಉಂಟು, ಕೊಳ್ಳುವವನು ಮಾತ್ರ ಅಂಗಡಿಯ ಹೊರಗೇ ನಿಂತಿರುತ್ತಾನೆ.

ಬ್ಯೂರೋದ ಕಾರ್ಯವಿಧಾನವು ಸರಳವಾದುದು. ದೂರು ಬಂದ ಎರಡು ಕೆಲಸದ ದಿನಗಳೊಳಗೆ ಅದನ್ನು ವರ್ತಕನಿಗೆ ಕಳುಹಿಸುತ್ತಾರೆ. ಹದಿನಾಲ್ಕು ದಿನಗಳಲ್ಲಿ ಉತ್ತರ ಕೊಡೆನ್ನುತ್ತಾರೆ. ಕೊಡದಿದ್ದರೆ ಎರಡನೆಯ ಬಾರಿ ಕೇಳುತ್ತಾರೆ. ಹೆಚ್ಚುಕಡಮೆ ಒಂದು ತಿಂಗಳಿನಲ್ಲಿ ಕಡತವನ್ನು ಮುಚ್ಚುತ್ತಾರೆ. ವರ್ತಕನನ್ನು ಕರೆತರಿಸುವ, ದಂಡ ಹಾಕುವ, ಹಣ ಮರಳಿಸೆಂದು ಆಜ್ಞಾಪಿಸುವ ಅಧಿಕಾರ ಅವರಿಗಿಲ್ಲ. ಯಾರು ಹೇಳುವುದು ಸತ್ಯ, ಯಾರು ಹೇಳುವುದು ಸುಳ್ಳು ಎಂಬುದನ್ನು ನಿರ್ಣಯಿಸುವ ಗೋಜಿಗೂ ಸಾಮಾನ್ಯವಾಗಿ ಅವರು ಹೋಗುವುದಿಲ್ಲ. ಆದುದರಿಂದ ಈತನನ್ನು ನ್ಯಾಯಾಧೀಶನೆನ್ನುವುದಕ್ಕಿಂತ ಅಂಚೆಯವನೆನ್ನುವುದೇ ಯುಕ್ತ. ಆದರೆ ಪತ್ರವನ್ನು ಬಾಗಿಲ ಸಂದಿನಲ್ಲಿ ತೂರಿಸಿ ಹೋಗದೆ, ಬಾಗಿಲು ತಟ್ಟಿ, ಒಳಗಿನವನು ಏನೆಂದನೆಂಬುದನ್ನು ಬೀದಿಯವರಿಗೆಲ್ಲ ಕೇಳುವಂತೆ ಓದಿ ಹೇಳುವ ಅಂಚೆಯವನು. ಅವನ ಬಲವೆಲ್ಲ ಈ ಕಡೆಯ ಮಾತಿನಲ್ಲಿದೆ. ಪ್ರತಿಯೊಂದು ವ್ಯಾಪಾರಕ್ಕೂ ಬ್ಯೂರೋ ಒಂದು ಅಂಕೆಯನ್ನು ಕೊಡುತ್ತದೆ. ಮೊದಲು ‘ತೃಪ್ತಿಕರ’, ‘ಅತೃಪ್ತಿಕರ’ ಎಂಬ ಎರಡೇ ಮಾತುಗಳಿದ್ದುವು. 2009ರಿಂದ ಶಾಲಾಬಾಲಕರ ಉತ್ತರಪತ್ರಿಕೆಗೆ ಹಾಕುವಂತೆ ಎ-ಪ್ಲಸ್‌ನಿಂದ ಎಫ್‌ವರೆಗಿನ ಶ್ರೇಣಿ ಬಂದಿತು. ಈ ಶ್ರೇಣಿಯಲ್ಲಿ ಬಹಳವಾಗಿ ಗಣನೆಗೆ ಬರುವುದು ವರ್ತಕನು ದೂರಿಗೆ ಉತ್ತರ ಕೊಟ್ಟನೆ ಎಂಬುದು. ವಿನಯದಿಂದ, ಕಾಲಕ್ಕೆ ಸರಿಯಾಗಿ, ವ್ಯಾಕರಣಶುದ್ಧವಾಗಿ ‘ಆಗುವುದಿಲ್ಲ’ ಎನ್ನುವವನು, ಸಿಟ್ಟಿನಿಂದ ಮೌನ ತಾಳಿದ ಬಡಗಿಗಿಂತ ಎಷ್ಟೋ ಮೇಲೆ ನಿಲ್ಲುತ್ತಾನೆ.

ಇಷ್ಟಕ್ಕೆಲ್ಲ ಹಣ ಬರುವುದೆಲ್ಲಿಂದ? ಗ್ರಾಹಕನಿಂದ ಬ್ಯೂರೋ ಬಿಡಿಗಾಸನ್ನೂ ಕೇಳುವುದಿಲ್ಲ. ‘ಮಾನ್ಯತೆ’ ಪಡೆದ ವರ್ತಕರು ವರ್ಷ ವರ್ಷ ಕಟ್ಟುವ ವಂತಿಗೆಯೇ ಅದರ ಮುಖ್ಯವಾದ ಆದಾಯ. ಅಂತಹ ವರ್ತಕರು ಅಮೆರಿಕ, ಕೆನಡಾಗಳಲ್ಲಿ ಕೂಡಿ ಸುಮಾರು ನಾಲ್ಕು ಲಕ್ಷದಷ್ಟಿದ್ದಾರೆ; ಅಂಗಡಿಯ ಗಾತ್ರಕ್ಕೆ ತಕ್ಕಂತೆ ವಂತಿಗೆ. ಉಪ್ಪಿನ ಋಣವೆಂಬ ಮಾತನ್ನು ನಾವು ನಂಬುವವರಾದ್ದರಿಂದ ಇಲ್ಲಿ ಒಂದು ಶಂಕೆ ಏಳುವುದು ಸಹಜ. ಆ ಶಂಕೆ ಬರಿಯ ಶಂಕೆಯಲ್ಲವೆಂದು 2010ರ ನವೆಂಬರಿನಲ್ಲಿ ಜಗಜ್ಜಾಹೀರಾಯಿತು. ಲಾಸ್ ಏಂಜಲೀಸ್‌ನಲ್ಲಿ ಕೆಲವರು ವರ್ತಕರು ಬ್ಯೂರೋವನ್ನು ಪರೀಕ್ಷಿಸಬೇಕೆಂದು, ಪ್ಯಾಲೆಸ್ಟೀನಿನ ಉಗ್ರಗಾಮಿ ಸಂಘಟನೆಯಾದ ‘ಹಮಾಸ್’ ಹೆಸರಿನಲ್ಲಿಯೇ ಇಲ್ಲದ ವ್ಯಾಪಾರವೊಂದನ್ನು ಕಲ್ಪಿಸಿ, 425 ಡಾಲರನ್ನು ಕಟ್ಟಿದರು. ಮಾನ್ಯತೆಯೂ ಬಂದಿತು, ಎ-ಮೈನಸ್ ಅಂಕೆಯೂ ಬಂದಿತು. ವರ್ಣದ್ವೇಷವನ್ನು ಬೋಧಿಸುವ ಒಂದು ಗುಂಪಿಗೆ ಎ-ಪ್ಲಸ್ ದೊರೆತಿದ್ದಿತು. ಇವೆಲ್ಲವನ್ನೂ ಎ.ಬಿ.ಸಿ. ದೂರದರ್ಶನ ಜಾಲದ ‘20/20’ ಕಾರ್ಯಕ್ರಮವು ದೇಶಕ್ಕೆಲ್ಲ ತೋರಿಸಿತು. ‘ಸಿ’ ಅಂಕೆಯಿದ್ದ ಸಣ್ಣ ಅಂಗಡಿಗಳು ವಂತಿಗೆ ಕಟ್ಟಿದೊಡನೆ ‘ಎ’ಗೆ ಏರಿದುದನ್ನೂ ಅದು ತೋರಿಸಿತು. ಕನೆಕ್ಟಿಕಟ್ ರಾಜ್ಯದ ಅಟಾರ್ನಿ ಜನರಲ್ ರಿಚರ್ಡ್ ಬ್ಲೂಮೆಂಥಾಲರು, ಹಣ ಕೊಟ್ಟವರಿಗೆ ಹೆಚ್ಚು ಅಂಕ ಕೊಡುವ ಪದ್ಧತಿ ನಿಲ್ಲಬೇಕೆಂದು ಒತ್ತಾಯಿಸಿದರು. ಬ್ಯೂರೋ ಆ ಹೆಚ್ಚುವರಿ ಅಂಕಗಳನ್ನು ತೆಗೆದುಹಾಕಿತು. ಲಾಸ್ ಏಂಜಲೀಸ್ ಪ್ರಾಂತದ ಶಾಖೆಯನ್ನು 2013ರಲ್ಲಿ ತನ್ನ ಒಕ್ಕೂಟದಿಂದ ಹೊರಗೆ ಹಾಕಿತು.

ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆ ಇಲ್ಲಿ ಎಲ್ಲರ ನಾಲಗೆಯ ತುದಿಗೂ ಬರುತ್ತದೆ. ನನಗೆ ಆ ಗಾದೆ ಇಲ್ಲಿಗೆ ಒಗ್ಗುವುದೆಂದು ತೋರುವುದಿಲ್ಲ. ಬೇಲಿ ಹೊಲವನ್ನು ಮೇಯ್ದರೆ ಅದು ದ್ರೋಹ, ಏಕೆಂದರೆ ಹೊಲದವನೇ ಅದನ್ನು ಹಾಕಿದವನು. ಇಲ್ಲಿ ಬೇಲಿಯನ್ನು ಹಾಕಿಸಿದವರು ದನದ ಒಡೆಯರು. ತಮ್ಮ ದನ ಸಭ್ಯವಾದ ದನವೆಂದು ಊರಿಗೆ ತೋರಿಸಲು ಹಾಕಿಸಿದರು. ಹೊಲದವನು ಒಂದು ಗೂಟವನ್ನೂ ನೆಟ್ಟಿಲ್ಲ. ನೆಡದವನಿಗೆ ದ್ರೋಹವಾಯಿತೆಂದು ಕೂಗಲು ಹಕ್ಕು ಕಡಮೆ.

ಹಾಗೆಂದು ಬ್ಯೂರೋ ನಿಷ್ಪ್ರಯೋಜಕವೆಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ. ಗ್ರಾಹಕನಿಗೆ ಆಗುವ ಅನ್ಯಾಯಗಳಲ್ಲಿ ಬಹುಭಾಗವು ದುರುದ್ದೇಶದಿಂದ ಆಗುವುವಲ್ಲ. ಅವು ಅಲಕ್ಷ್ಯದಿಂದ ಆಗುವುವು. ಸಾವಿರಾರು ನೌಕರರ ಒಂದು ದೊಡ್ಡ ಕಂಪೆನಿಯಲ್ಲಿ ನಿಮ್ಮ ದೂರು ಒಬ್ಬ ಕೆಳಗಿನ ನೌಕರನ ಮುಂದೆ ಬಿದ್ದಿರುತ್ತದೆ. ಆತನಿಗೆ ‘ಆಗುವುದಿಲ್ಲ’ ಎನ್ನುವ ಅಧಿಕಾರವನ್ನು ಮಾತ್ರ ಕೊಟ್ಟಿದ್ದಾರೆ, ‘ಆಗಲಿ’ ಎನ್ನುವ ಅಧಿಕಾರ ಅವನಿಗಿಂತ ಮೂರು ಮೆಟ್ಟಲು ಮೇಲೆ ಕುಳಿತಿದೆ. ಬ್ಯೂರೋದ ಮುದ್ರೆ ಹೊತ್ತು ಬಂದ ಅದೇ ದೂರು ಮೆಟ್ಟಲು ಹತ್ತದೆ ನೇರವಾಗಿ ಮೇಲಿನ ಕೋಣೆಗೆ ಹೋಗುತ್ತದೆ, ಏಕೆಂದರೆ ಹೆಸರು ಕೆಡುವ ಭಯವಿರುವುದು ಮೇಲಿನ ಕೋಣೆಯಲ್ಲಿ. ಅಂತಹ ಎಡೆಗಳಲ್ಲಿ ಹಣ ವಾರದೊಳಗೆ ಮರಳಿ ಬಂದುದನ್ನು ನಾನೇ ಕಂಡಿದ್ದೇನೆ. ಮಗಳ ನೆರೆಯ ಆ ವೃದ್ಧೆಯ ಶ್ರದ್ಧೆಯೂ ಆಧಾರವಿಲ್ಲದುದಾಗಿರಲಿಲ್ಲ, ಬಟ್ಟೆ ಒಗೆಯುವ ಯಂತ್ರವೊಂದರ ವಿಷಯದಲ್ಲಿ ಆಕೆಗೆ ಹಾಗೆ ಆಗಿದ್ದಿತು. ಮಾನಕ್ಕೆ ಅಂಜುವವನ ಮೇಲೆ ಮಾತ್ರ ಬ್ಯೂರೋದ ಮಂತ್ರ ಫಲಿಸುತ್ತದೆ. ಹೆಸರನ್ನು ಆರು ತಿಂಗಳಿಗೊಮ್ಮೆ ಬದಲಾಯಿಸಿಕೊಂಡು ಊರಿಂದೂರಿಗೆ ಅಲೆಯುವವನಿಗೆ ಎಫ್ ಅಂಕೆ ಕೊಟ್ಟರೂ ಒಂದೇ, ಎ ಕೊಟ್ಟರೂ ಒಂದೇ. ಗ್ರಾಹಕನಿಗೆ ಕಾವಲುಗಾರನು ಅತ್ಯಂತ ಅಗತ್ಯವಾಗಿ ಬೇಕಾದ ಕಡೆಯಲ್ಲಿಯೇ ಇವನ ಕೋಲು ಗಾಳಿಯನ್ನು ಹೊಡೆಯುತ್ತದೆ.

ಇದೇ ಬ್ಯೂರೋದ ಕೈಗೆ ನಿಜವಾದ ಅಧಿಕಾರ ಸಿಕ್ಕಿದಾಗ ಏನಾಯಿತೆಂಬುದಕ್ಕೆ ಒಂದು ನಿದರ್ಶನ ಅಮೆರಿಕದ ಮೋಟಾರು ಕೈಗಾರಿಕೆಯ ಚರಿತ್ರೆಯಲ್ಲಿ ದೊರೆಯುತ್ತದೆ. 1975ರಲ್ಲಿ ಅಲ್ಲಿಯ ಸಂಸತ್ತು ವಾರಂಟಿಗಳನ್ನು ಕುರಿತ ಕಾಯಿದೆಯೊಂದನ್ನು ಮಾಡಿ, ನ್ಯಾಯಾಲಯದ ಹೊರಗೆ ವ್ಯಾಜ್ಯ ತೀರಿಸುವ ವ್ಯವಸ್ಥೆಗಳಿಗೆ ಪ್ರೋತ್ಸಾಹ ಕೊಟ್ಟಿತು. ಜನರಲ್ ಮೋಟರ್ಸ್ ಕಂಪೆನಿಯ ಕಾರುಗಳಲ್ಲಿ ಗೇರು ಪೆಟ್ಟಿಗೆಗಳೂ ಎಂಜಿನ್ನಿನ ಕೆಲವು ಭಾಗಗಳೂ ಬೇಗ ಕೆಡುತ್ತಿದ್ದುವೆಂದು ಟ್ರೇಡ್ ಕಮಿಷನ್ನು ಹೂಡಿದ ಮೊಕದ್ದಮೆ 1983ರಲ್ಲಿ ರಾಜಿಯಾದಾಗ, ದೂರುದಾರರ ಅಹವಾಲುಗಳನ್ನು ಬ್ಯೂರೋದ ಪಂಚಾಯಿತಿಯ ಮುಂದೆ ತೀರಿಸತಕ್ಕದ್ದೆಂದು ಗೊತ್ತಾಯಿತು. ಪಂಚರ ತೀರ್ಪಿಗೆ ಕಂಪೆನಿ ಬದ್ಧ. ಕಾರಿನ ಒಡೆಯನು ಒಪ್ಪದಿದ್ದರೆ ನ್ಯಾಯಾಲಯದ ಬಾಗಿಲು ಅವನಿಗೆ ತೆರೆದೇ ಇರುತ್ತದೆ. ಇದು ಸಮನಾದ ತಕ್ಕಡಿಯಲ್ಲ, ಗ್ರಾಹಕನ ಕಡೆಗೇ ವಾಲಿದ ತಕ್ಕಡಿ. ಈ ವಾಲು ಬ್ಯೂರೋದ ಔದಾರ್ಯದಿಂದ ಬಂದುದಲ್ಲ, ಹಿಂದೆ ನಿಂತ ಸರಕಾರದ ಕಮಿಷನ್ನಿನಿಂದ ಬಂದುದು. ಆದರೂ ಕಮಿಷನ್ನು ಕಂಪೆನಿಯಿಂದ ಎಲ್ಲರಿಗೂ ಒಟ್ಟಾಗಿ ಹಣ ಕೊಡಿಸುವುದನ್ನು ಬಿಟ್ಟು ಒಬ್ಬೊಬ್ಬನೂ ಬಂದು ಕೇಳಿಕೊಳ್ಳಲೆಂದದ್ದು ಸರಿಯೆ ಎಂದು ಆಕ್ಷೇಪಿಸಿದವರಿದ್ದರು. ಆ ಆಕ್ಷೇಪದಲ್ಲಿ ಹುರುಳಿದ್ದಿತು. ಕೇಳಿಕೊಳ್ಳಲು ಬರುವವರು ಎಂದೂ ಸ್ವಲ್ಪ ಮಂದಿ. ಮೋಸಹೋದವರಲ್ಲಿ ಅರ್ಧಕ್ಕರ್ಧ ಜನ ‘ಹೋಗಲಿ, ಗ್ರಹಚಾರ’ ಎಂದು ಸುಮ್ಮನಾಗುತ್ತಾರೆ. ಉಳಿದವರಲ್ಲಿ ಹೆಚ್ಚಿನವರು ಅಂಗಡಿಯವನೊಡನೆ ಜಗಳವಾಡಿ ಮನೆಗೆ ಬರುತ್ತಾರೆ. ಮೂರನೆಯವನ ಬಳಿಗೆ ಕಾಗದ ಬರೆಯುವವರು ಎಣಿಕೆಗೆ ಸಿಕ್ಕುವಷ್ಟು. ಹೀಗಾಗಿ ದೂರುಗಳ ಸಂಖ್ಯೆಯನ್ನು ನೋಡಿ ವ್ಯಾಪಾರದ ಯೋಗ್ಯತೆಯನ್ನು ಅಳೆಯುವುದು, ಆಸ್ಪತ್ರೆಗೆ ಬಂದವರನ್ನು ಎಣಿಸಿ ಊರಿನ ರೋಗಗಳನ್ನು ಲೆಕ್ಕಹಾಕಿದ ಹಾಗೆ.

ಭಾರತದಲ್ಲಿ ವರ್ತಕರು ಸಾಕಿದವನು, ಗ್ರಾಹಕರೇ ನಿಲ್ಲಿಸಿಕೊಂಡವನು ಎಂಬ ಎರಡು ಬಗೆಯ ಕಾವಲುಗಾರರು ಒಂದೇ ವರ್ಷ, ಒಂದೇ ನಗರದಲ್ಲಿ ಹುಟ್ಟಿದುದು ಒಂದು ವಿಚಿತ್ರವಾದ ಯೋಗ. 1966. ಎರಡು ವರ್ಷಗಳ ಅನಾವೃಷ್ಟಿ, ಅಮೆರಿಕದಿಂದ ಹಡಗಿನಲ್ಲಿ ಬರುವ ಗೋಧಿ, ಜೂನ್ ತಿಂಗಳಿನಲ್ಲಿ ರೂಪಾಯಿಯ ಅಪಮೌಲ್ಯ. ಪಡಿತರದ ಸಾಲುಗಳಲ್ಲಿ ನಿಂತವರಿಗೆ ಕಾಳಸಂತೆ, ಕಲಬೆರಕೆ ಎಂಬ ಮಾತುಗಳು ನಿತ್ಯದ ಮಾತುಗಳಾಗಿದ್ದ ಕಾಲ. ಆ ವರ್ಷದ ಗಾಂಧೀಜಯಂತಿಯಂದು ಮುಂಬಯಿಯಲ್ಲಿ ಜೆ.ಆರ್.ಡಿ. ಟಾಟಾ, ರಾಮಕೃಷ್ಣ ಬಜಾಜ್ ಮೊದಲಾದ ಉದ್ಯಮಿಗಳು ಕೂಡಿ ನ್ಯಾಯವಾದ ವ್ಯಾಪಾರಪದ್ಧತಿಗಾಗಿ ಒಂದು ಸಂಘವನ್ನು ಸ್ಥಾಪಿಸಿದರು. ಅದು ಈಗ ಕೌನ್ಸಿಲ್ ಫಾರ್ ಫೇರ್ ಬಿಸಿನೆಸ್ ಪ್ರಾಕ್ಟಿಸಸ್ ಎಂಬ ಹೆಸರಿನಲ್ಲಿದೆ. ಅದೇ ವರ್ಷ, ಅದೇ ಮುಂಬಯಿಯಲ್ಲಿ, ಒಂಬತ್ತು ಮಂದಿ ಹೆಂಗಸರು ಕೂಡಿ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿಯನ್ನು ಕಟ್ಟಿದರು. ಒಂದು ಮಾರುವವರ ಮನೆಯಿಂದ ಬಂದುದು, ಇನ್ನೊಂದು ಅಡಿಗೆಯ ಮನೆಯಿಂದ. ಮೊದಲನೆಯದರ ಸದುದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಒಳ್ಳೆಯ ವರ್ತಕರಿಗೆ ಸನ್ಮಾನ ಮಾಡುವುದೂ ಒಂದು ಕೆಲಸವೇ. ಆದರೆ ಕಲಬೆರಕೆಯ ಎಣ್ಣೆಯನ್ನು ಪರೀಕ್ಷಿಸಿ ಇಂಥದು ಕೆಟ್ಟದ್ದೆಂದು ಹೇಳುವ ಧೈರ್ಯ ಎರಡನೆಯದಕ್ಕೆ ಹೆಚ್ಚು ಸುಲಭವಾಗಿ ಬಂದಿತು. ಅದಕ್ಕೆ ಕಾರಣ ಒಂಬತ್ತು ಮಂದಿಯ ವೀರವಲ್ಲ. ಎಣ್ಣೆಯವನಿಂದ ಅವರಿಗೆ ವಂತಿಗೆ ಬರಬೇಕಾಗಿರಲಿಲ್ಲ.

ನಮ್ಮ ಕರ್ನಾಟಕದಲ್ಲಿ ಈ ಎರಡನೆಯ ಬಗೆಗೆ ಉಜ್ವಲವಾದ ಉದಾಹರಣೆ ರಾಜಧಾನಿಯಿಂದ ಬಂದುದಲ್ಲ, ಕುಂದಾಪುರ ತಾಲ್ಲೂಕಿನ ಬಸರೂರಿನಿಂದ ಬಂದುದು. ಒಂದು ಕಾಲಕ್ಕೆ ಅರಬರೂ ಪೋರ್ಚುಗೀಸರೂ ಅಕ್ಕಿಗಾಗಿ ಹಡಗು ತರುತ್ತಿದ್ದ ಆ ಹಳೆಯ ರೇವುಪಟ್ಟಣದಲ್ಲಿ, ಗ್ರಾಹಕ ನ್ಯಾಯಾಲಯಗಳೆಂಬುವು ಇನ್ನೂ ಹುಟ್ಟದ ಎಂಬತ್ತರ ದಶಕದ ಆರಂಭದಲ್ಲಿ, ಡಾ. ರವೀಂದ್ರನಾಥ ಶಾನಭಾಗರು ಬಳಕೆದಾರರ ವೇದಿಕೆಯನ್ನು ನಡೆಸಿದರು. ಕಾಗದ, ಲೇಖನಿ, ಅಂಚೆಚೀಟಿಗಳಲ್ಲದೆ ಅವರಿಗೆ ಬೇರೆ ಆಯುಧವಿರಲಿಲ್ಲ. ಆದರೆ ದೂರು ಬಂದರೆ ಅದನ್ನು ಅತ್ತ ಕಳುಹಿಸಿ, ಬಂದ ಉತ್ತರವನ್ನು ಇತ್ತ ಕಳುಹಿಸಿ, ಕಡತವನ್ನು ಮುಚ್ಚುವ ಅಂಚೆಯವನ ಪದ್ಧತಿ ಅವರದಾಗಿರಲಿಲ್ಲ. ದೂರುದಾರನ ಪಕ್ಷವನ್ನು ಹಿಡಿದು ನಿಲ್ಲುವ ವಕೀಲನ ಪದ್ಧತಿ ಅವರದು. ಪಕ್ಷ ಹಿಡಿಯುವುದಿಲ್ಲವೆಂಬುದನ್ನು ಬೆಟರ್ ಬಿಸಿನೆಸ್ ಬ್ಯೂರೋ ತನ್ನ ಮಹಾಗುಣವೆಂದು ಹೇಳಿಕೊಳ್ಳುತ್ತದೆ. ಒಂದು ಕಡೆ ಲಾಯರುಗಳ ದಂಡನ್ನೇ ಇಟ್ಟುಕೊಂಡ ಕಂಪೆನಿ, ಇನ್ನೊಂದು ಕಡೆ ಮುರಿದ ಮಿಕ್ಸಿಯನ್ನು ಚೀಲದಲ್ಲಿ ಹಿಡಿದು ನಿಂತ ಗೃಹಿಣಿ. ಇವರಿಬ್ಬರ ನಡುವೆ ಪಕ್ಷ ಹಿಡಿಯದಿರುವವನು ಯಾರ ಪಕ್ಷದಲ್ಲಿರುತ್ತಾನೆಂಬುದನ್ನು ಹೇಳಬೇಕಾಗಿಲ್ಲ.

1986ರ ಡಿಸೆಂಬರ್ 24ರಂದು ಗ್ರಾಹಕ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮ ಸ್ಥಿತಿ ಅಮೆರಿಕದವರದಕ್ಕಿಂತ ಒಂದು ವಿಧದಲ್ಲಿ ಮೇಲಾಯಿತು. ಜಿಲ್ಲೆಗೊಂದು ವೇದಿಕೆ (ಈಗ ಅದಕ್ಕೂ ಆಯೋಗವೆಂದೇ ಹೆಸರು), ಮೇಲೆ ರಾಜ್ಯದ ಆಯೋಗ, ಅದರ ಮೇಲೆ ರಾಷ್ಟ್ರದ್ದು, ವಕೀಲರಿಲ್ಲದೆಯೇ ವಾದಿಸಬಹುದು, 2019ರ ಹೊಸ ಕಾಯಿದೆಯ ಪ್ರಕಾರ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು, 5 ಲಕ್ಷ ರೂಪಾಯಿಯವರೆಗಿನ ದೂರಿಗೆ ಶುಲ್ಕವೂ ಇಲ್ಲ. ಮೂರು ತಿಂಗಳಿನಲ್ಲಿ ತೀರ್ಮಾನವಾಗಬೇಕೆಂದು ಕಾಯಿದೆ ಹೇಳುತ್ತದೆ. ಆ ಮೂರು ತಿಂಗಳು ಯಾವ ಪಂಚಾಂಗದ ಲೆಕ್ಕದ್ದೆಂಬುದು ಆಯೋಗದ ಮೊಗಸಾಲೆಯಲ್ಲಿ ಕಾದವರಿಗೆ ಗೊತ್ತು. ಈ ವಿಳಂಬದ ಕಾರಣದಿಂದಲೇ ಬ್ಯೂರೋದ ಮಾದರಿಯ ಅಂಚೆಯವನು ನಮಗೂ ಬೇಕಾಗಿ ಬಂದನು: 1915 ಎಂಬ ಸಂಖ್ಯೆಗೆ ಫೋನು ಮಾಡಿದರೆ ಸಿಕ್ಕುವ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡವೂ ಸೇರಿದಂತೆ ಹದಿನೇಳು ಭಾಷೆಗಳಲ್ಲಿ ಅದು ಮಾತನಾಡುತ್ತದೆ. ತನ್ನೊಡನೆ ಒಪ್ಪಂದ ಮಾಡಿಕೊಂಡ ಕಂಪೆನಿಗಳಿಗೆ ದೂರನ್ನು ನೇರವಾಗಿ ಕಳುಹಿಸುತ್ತದೆ. ಆಜ್ಞೆ ಮಾಡುವ ಅಧಿಕಾರ ಇದಕ್ಕೂ ಇಲ್ಲ. ಆದರೆ ಇದರ ಸಂಬಳ ವರ್ತಕನಿಂದ ಬರುವುದಿಲ್ಲ. ಇದರ ಬೆನ್ನ ಹಿಂದೆ ಆಯೋಗಗಳೂ, 2020ರಲ್ಲಿ ಸ್ಥಾಪಿತವಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ಇವೆ. ಜಾಹೀರಾತುಗಳ ವಿಷಯದಲ್ಲಿ 1985ರಿಂದ ಕೆಲಸ ಮಾಡುತ್ತಿರುವ ಆಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಕೌನ್ಸಿಲ್ಲಿನ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ: ಉದ್ಯಮದವರೇ ಕಟ್ಟಿಕೊಂಡ ಸಂಸ್ಥೆಯಾದರೂ, ಅದರ ಸಂಹಿತೆಯನ್ನು ಮೀರಿದ ಜಾಹೀರಾತು ಕೇಬಲ್ ಟೆಲಿವಿಷನ್ನಿನಲ್ಲಿ ಬರಕೂಡದೆಂದು ಸರಕಾರದ ನಿಯಮವೇ ಹೇಳಿದ ಮೇಲೆ ಅದರ ಮಾತಿಗೆ ತೂಕ ಬಂದಿತು.

ಸ್ವೀಡನ್ ದೇಶದವರು ಇದನ್ನು ಇನ್ನೊಂದು ದಾರಿಯಿಂದ ಸಾಧಿಸಿದ್ದಾರೆ. ಅಲ್ಲಿಯ ದೂರು ಮಂಡಲಿ 1968ರಿಂದ ಇದೆ. ಎರಡು ಕಡೆಯ ಕಾಗದಪತ್ರಗಳನ್ನೂ ಓದಿ, ಯಾರದು ತಪ್ಪೆಂದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಹೇಳಿದುದು ಶಿಫಾರಸು ಮಾತ್ರ, ಪಾಲಿಸಲೇಬೇಕೆಂಬ ಕಟ್ಟುಪಾಡಿಲ್ಲ. ಪಾಲಿಸದ ಕಂಪೆನಿಗಳ ಹೆಸರುಗಳನ್ನು ಗ್ರಾಹಕರ ಪತ್ರಿಕೆಯೊಂದು ಕಪ್ಪುಪಟ್ಟಿಯಾಗಿ ಅಚ್ಚುಹಾಕುತ್ತದೆ, ಅಷ್ಟೆ. ಬಹುಪಾಲು ಕಂಪೆನಿಗಳು ಪಾಲಿಸುತ್ತವೆ. ಮಾನಭಯದ ಬಲ ಬ್ಯೂರೋದ ಕೈಯಲ್ಲಿಯೂ ಇದೆ, ಈ ಮಂಡಲಿಯ ಕೈಯಲ್ಲಿಯೂ ಇದೆ. ಭೇದವಿರುವುದು ಒಂದೇ ಕಡೆ. ಮಂಡಲಿ ನಿರ್ಣಯಿಸಿ ಹೇಳುತ್ತದೆ, ಬ್ಯೂರೋ ನಿರ್ಣಯಿಸದೆ ಅಂಕೆ ಕೊಡುತ್ತದೆ. ವಿಚಾರಣೆಯಿಲ್ಲದ ಅಂಕೆಗೂ ಜಾತಕದ ಅಂಕೆಗೂ ಬಹಳ ಅಂತರವಿದೆಯೆಂದು ನನಗೆ ತೋರದು.

ಈ ಸಮೀಕ್ಷೆಯಿಂದ ನನಗೆ ತೋರಿದ ನಿಲವನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ. ವರ್ತಕರು ಸಾಕಿದ ಕಾವಲುಗಾರನು ಕಳ್ಳನಲ್ಲ, ಆದರೆ ಕೊತ್ವಾಲನೂ ಅಲ್ಲ. ಅವನಿಂದ ಪತ್ರವನ್ನು ತಲಪಿಸುವ ಕೆಲಸವನ್ನು ಮಾಡಿಸಿಕೊಳ್ಳಬೇಕು, ತೀರ್ಪನ್ನು ನಿರೀಕ್ಷಿಸಬಾರದು, ಅವನು ಕೊಟ್ಟ ಅಂಕೆಯನ್ನು ನೋಡಿ ಮುಂಗಡ ಹಣ ಕೊಡಬಾರದು. ಅವನ ಮೂಲಕ ಹೋದ ದೂರಿನಿಂದ ಒಂದು ಲಾಭ ಮಾತ್ರ ನಿಶ್ಚಿತ: ಇಂಥ ದಿನ ಇಂಥ ದೋಷವನ್ನು ಹೇಳಲಾಯಿತು, ಇಂಥ ದಿನ ಇಂಥ ಉತ್ತರ ಬಂದಿತು ಎಂಬುದಕ್ಕೆ ಮೂರನೆಯವನ ಕೈಬರಹದ ಸಾಕ್ಷಿ. ನಮ್ಮ ಮಗಳ ವಿಷಯದಲ್ಲಿ ಕೆಲಸ ಮಾಡಿದುದು ಆ ಸಾಕ್ಷಿಯೇ. ‘ಉತ್ತರಿಸಲಾಗಿದೆ’ ಎಂಬ ಕಡತವನ್ನೆಲ್ಲ ಅಚ್ಚುಹಾಕಿಸಿ ಸಣ್ಣ ಮೊತ್ತದ ವ್ಯಾಜ್ಯಗಳ ನ್ಯಾಯಾಲಯಕ್ಕೆ ಒಯ್ದಳು. ತೇವ ಮನೆಯವರ ಹೊಣೆ ಎಂದು ಬರೆದಿದ್ದ ಕಂಟ್ರಾಕ್ಟರನು, ಹಲಗೆ ಹಾಸುವ ಮೊದಲು ಆ ತೇವವನ್ನು ಅಳೆದಿರಲಿಲ್ಲವೆಂಬುದು ಅವನ ಎರಡನೆಯ ಉತ್ತರದಲ್ಲಿಯೇ ಇದ್ದಿತು; ಬ್ಯೂರೋದಲ್ಲಿ ಅದನ್ನು ಓದಿ ನೋಡಿದವರಿರಲಿಲ್ಲ, ನ್ಯಾಯಾಧೀಶರು ಓದಿದರು. ಹಣದಲ್ಲಿ ಮುಕ್ಕಾಲು ಪಾಲು ಮರಳಿ ಬಂದಿತು. ಅಷ್ಟು ಹೊತ್ತಿಗೆ ಬೇಸಗೆಯೂ ಬಂದು ನೆಲವು ತಾನಾಗಿಯೇ ಸ್ವಲ್ಪ ತಗ್ಗಿದ್ದಿತು.

ನಮ್ಮ ಓದುಗರಲ್ಲಿ ದೂರು ಹಿಡಿದು ನಿಂತವರು ಯಾರಾದರೂ ಇದ್ದರೆ ಅವರಿಗೆ ಒಂದು ಮಾತು. ಕೊಂಡ ರಸೀತಿಯನ್ನು ಎಸೆಯಬೇಡಿ. ಬಾಯಿಮಾತಿನಲ್ಲಿ ಹೇಳಿದುದನ್ನು ಅದೇ ದಿನ ಬರವಣಿಗೆಯಲ್ಲಿಯೂ ಕಳುಹಿಸಿ. 1915ಕ್ಕೆ ಹೇಳಿದರೆ ಅವರು ಕೊಡುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಯಾವ ಸಂಘ ಏನು ಭರವಸೆ ಕೊಟ್ಟರೂ ದಿನಗಳನ್ನು ಎಣಿಸುತ್ತಿರಿ. ದೂರಿಗೆ ಕಾರಣ ಒದಗಿದ ದಿನದಿಂದ ಎರಡು ವರ್ಷಗಳೊಳಗೆ ಆಯೋಗದ ಮುಂದೆ ಹೋಗತಕ್ಕದ್ದೆಂಬುದು ನಮ್ಮ ಕಾಯಿದೆ. ತಡವಾದುದಕ್ಕೆ ತಕ್ಕ ಕಾರಣ ತೋರಿಸಿದರೆ ಆಯೋಗ ಮನ್ನಿಸಬಹುದು, ಮನ್ನಿಸಲೇಬೇಕೆಂದಿಲ್ಲ. ಕಾವಲುಗಾರರಿಗೆ ಕಾಗದ ಬರೆಯುತ್ತ ಉತ್ತರ ಕಾಯುತ್ತ ಕಳೆದ ದಿನಗಳೂ ಆ ಎರಡು ವರ್ಷಗಳ ಲೆಕ್ಕದೊಳಗೇ ಸೇರುತ್ತವೆ.